ಕುಂದಲಹಳ್ಳಿ ಸ್ಫೋಟ: ನಮ್ಮ ಬಡಾವಣೆಯಲ್ಲಿ ಏನು ಮಾಡಬೇಕು? (ನಿವಾಸಿಗಳ ಗುಂಪು, ಮಾರ್ಚ್ 2024)

ಕಾರ್ಯದರ್ಶಿ, ಮಾರ್ಚ್ 2, ಶನಿವಾರ
ಎಲ್ಲರಿಗೂ ನಮಸ್ಕಾರ. ನಿನ್ನೆ ಮಧ್ಯಾಹ್ನ ನಮ್ಮ ಬೆಂಗಳೂರಿನ ಕುಂದಲಹಳ್ಳಿಯ ರಾಮೇಶ್ವರಂ ಕೆಫೆಯಲ್ಲಿ ಬ್ಯಾಗಿನಲ್ಲಿಟ್ಟಿದ್ದ ಬಾಂಬ್ ಸಿಡಿದದ್ದು ಎಲ್ಲರಿಗೂ ಗೊತ್ತು. ಸುಮಾರು ಹತ್ತು ಜನರಿಗೆ ಗಾಯವಾಗಿದೆ. ಯಾರ ಜೀವವೂ ಹೋಗಲಿಲ್ಲ, ದೊಡ್ಡ ಪುಣ್ಯ. ಸದ್ದು ಕೇಳಿದಾಗ ನಾನು ಸಿಲಿಂಡರ್ ಅಂದುಕೊಂಡೆ. ನಮ್ಮಲ್ಲಿ ಎಷ್ಟೋ ಜನ ವಾರಕ್ಕೆರಡು ಸಲ ಅಲ್ಲೇ ನಿಂತು ಇಡ್ಲಿ ತಿನ್ನುವವರು.

ಬೆಳಿಗ್ಗೆ ಪೊಲೀಸರು ಬಂದು ಶುಕ್ರವಾರದ ಕ್ಯಾಮೆರಾ ದೃಶ್ಯ ಕೇಳಿದರು. ನಮ್ಮ ಮೂರು ಕ್ಯಾಮೆರಾದಲ್ಲಿ ಒಂದು ಕೆಟ್ಟು ತಿಂಗಳಾಗಿದೆ. ಇನ್ನೊಂದರ ಮುಂದೆ ಹೊಂಗೆ ಕೊಂಬೆ ಬೆಳೆದು ಬರೀ ಎಲೆ ಕಾಣುತ್ತದೆ. ಮೂರನೆಯದು ಸರಿಯಿದೆ, ಆದರೆ ಅದರ ಗಡಿಯಾರ 23 ನಿಮಿಷ ಹಿಂದೆ. ಬಂದವರು ಏನೂ ಬೈಯಲಿಲ್ಲ, ಸಮಯದ ವ್ಯತ್ಯಾಸ ಬರೆದುಕೊಂಡು ಪೆನ್‌ಡ್ರೈವ್‌ಗೆ ಹಾಕಿಸಿಕೊಂಡು ಹೋದರು. ನನಗೇ ತಲೆ ಎತ್ತೋಕೆ ಆಗಲಿಲ್ಲ. ನೋಡಿಕೊಳ್ಳಬೇಕಾದವನು ನಾನು. ಕ್ಷಮಿಸಿ.

2ನೇ ಕ್ರಾಸ್, ಮನೆ 18
ಕ್ಯಾಮೆರಾ ಆಮೇಲೆ ನೋಡೋಣ ಸರ್. ಮೊದಲು ಎರಡೂ ಕಡೆ ಗೇಟ್ ಹಾಕಿಸಿ, ರಾತ್ರಿ ಬೀಗ ಹಾಕಿ. ಪಿಜಿಗಳಿಗೆ ಹೊರ ರಾಜ್ಯದ ಹುಡುಗರನ್ನು ಸೇರಿಸುವುದು ನಿಲ್ಲಬೇಕು. ಯಾರು ಎಲ್ಲಿಯವರು, ಏನು ಮಾಡುತ್ತಾರೆ, ನಮಗೇನು ಗೊತ್ತು?

3ನೇ ಕ್ರಾಸ್, ಪಿಜಿ ನಡೆಸುವವರು
ನನ್ನಲ್ಲಿ 42 ಹುಡುಗರಿದ್ದಾರೆ ಅಣ್ಣ. ಎಲ್ಲರ ಆಧಾರ್ ಜೆರಾಕ್ಸ್ ಫೈಲಿನಲ್ಲಿದೆ. ಯಾವಾಗ ಬೇಕಾದರೂ ಬಂದು ನೋಡಿ. ನಿನ್ನೆಯಿಂದ ಅರ್ಧ ಜನ ಊಟಕ್ಕೂ ಕೆಳಗೆ ಬಂದಿಲ್ಲ. ಅಸ್ಸಾಂನ ಒಬ್ಬ ಹುಡುಗ ಬೆನ್ನಿಗೆ ಬ್ಯಾಗು ಹಾಕಿಕೊಂಡು ಹೊರಗೆ ಹೋಗೋಕೇ ಹೆದರುತ್ತಿದ್ದಾನೆ. ಲ್ಯಾಪ್‌ಟಾಪ್‌ನ ಬಟ್ಟೆ ಚೀಲದಲ್ಲಿ ಸುತ್ತಿ, ಕೈಯಲ್ಲಿ ಹಿಡಿದುಕೊಂಡು ಆಫೀಸಿಗೆ ಹೋದ.

1ನೇ ಕ್ರಾಸ್, ಮನೆ 7 (ಲೆಕ್ಚರರ್)
ಜೆರಾಕ್ಸ್ ಇದ್ದ ಮಾತ್ರಕ್ಕೆ ಆಗುವುದಿಲ್ಲ ಅಣ್ಣ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೋದೊಳಗೆ ಕುಕ್ಕರ್ ಬಾಂಬ್ ಸಿಡಿಯಿತಲ್ಲ, ಆ ಆರೋಪಿ ಮೈಸೂರಿನಲ್ಲಿ ರೂಮ್ ಹಿಡಿದದ್ದು ಬೇರೆಯವರ ಆಧಾರ್ ಕೊಟ್ಟು. ಹುಬ್ಬಳ್ಳಿ ಕಡೆಯ ರೈಲ್ವೆ ನೌಕರರೊಬ್ಬರು ಕಳೆದುಕೊಂಡಿದ್ದ ಕಾರ್ಡ್ ಅದು. ಕಾರ್ಡು ಅಸಲಿ, ಕೊಟ್ಟವನು ಬೇರೆ! ಪೊಲೀಸರು ಮೊದಲು ಹುಡುಕಿದ್ದು ಪಾಪ ಆ ನೌಕರರನ್ನು. ಮುಖ ನೋಡಿ, ಅವರು ಕೊಟ್ಟ ನಂಬರಿಗೆ ನಮ್ಮ ಎದುರೇ ಫೋನ್ ಮಾಡಿ, ಕೆಲಸದ ಜಾಗಕ್ಕೆ ಒಂದು ಮಾತು ಕೇಳಿ, ಆಮೇಲೆ ಠಾಣೆಗೆ ವಿವರ ಕೊಡಬೇಕು. ಹಾಗೆ ಮಾಡಿದರೆ ಹುಡುಗ ಯಾವ ರಾಜ್ಯದವನಾದರೂ ಒಂದೇ.

18ನೇ ಮನೆ ಸರ್, ಬೇಜಾರು ಮಾಡಿಕೊಳ್ಳಬೇಡಿ. ಮಂಗಳೂರಿನ ಆರೋಪಿ ನಮ್ಮದೇ ಶಿವಮೊಗ್ಗ ಜಿಲ್ಲೆಯವನು. ಹೊರ ರಾಜ್ಯದವರನ್ನು ಬಿಡದಿದ್ದರೆ ಅವನನ್ನು ತಡೆಯೋಕೆ ಆಗುತ್ತಿತ್ತಾ?

ಕಾರ್ಯದರ್ಶಿ, ಮಾರ್ಚ್ 4, ಸೋಮವಾರ
ಪಾರ್ಕಿನ ಕಲ್ಲುಬೆಂಚಿನ ಮೇಲೆ ಇವತ್ತು ಸಂಜೆ ಕಪ್ಪು ಬ್ಯಾಗು ಸಿಕ್ಕಿದ್ದು ಕೇಳಿರುತ್ತೀರಿ. ಅದು ಹೂವು ಮಾರುವ ಅಮ್ಮನ ಮಗನದ್ದು. ಒಳಗಿದ್ದದ್ದು ಟಿಫನ್ ಡಬ್ಬಿ, ಗಣಿತದ ಪುಸ್ತಕ. ಆದರೆ ನಾವು ನಡೆದುಕೊಂಡದ್ದು ಸರಿಯಿರಲಿಲ್ಲ. ಮೂವತ್ತು ಜನ ಸುತ್ತ ನಿಂತೆವು. ಮಕ್ಕಳೂ ಇದ್ದರು. ಯಾರೋ ಕೋಲಿನಿಂದ ಜಿಪ್ ಎಳೆದರು.

4ನೇ ಕ್ರಾಸ್, ಮನೆ 33 (ನಿವೃತ್ತ ಸುಬೇದಾರ್)
ಕೋಪದಿಂದ ಬರೆಯುತ್ತಿಲ್ಲ, ಭಯದಿಂದ ಬರೆಯುತ್ತಿದ್ದೇನೆ. ಅದು ನಿಜವಾದ ಬಾಂಬ್ ಆಗಿದ್ದರೆ ಏನಾಗುತ್ತಿತ್ತು, ಒಂದು ಸಲ ಯೋಚನೆ ಮಾಡಿ. ಕೆಫೆಗೆ ಬಂದವನು ರವೆ ಇಡ್ಲಿಗೆ ಟೋಕನ್ ತಗೊಂಡ, ಬ್ಯಾಗು ಇಟ್ಟ, ಎದ್ದು ಹೋದ. ಸಿಡಿದದ್ದು ಸುಮಾರು ಒಂದು ಗಂಟೆ ಕಳೆದ ಮೇಲೆ. ಅಂದರೆ ಸುಮ್ನೆ ಬಿದ್ದಿರುವ ಬ್ಯಾಗು ಸುಮ್ನೆ ಬಿದ್ದಿದೆ ಅನ್ನೋಕೆ ಆಗಲ್ಲ.

ವಾರಸುದಾರರು ಯಾರು ಅಂತ ಒಂದು ಸಲ ಜೋರಾಗಿ ಕೂಗಿ. ಯಾರೂ ಬರಲಿಲ್ಲವಾ, ಮುಟ್ಟಬೇಡಿ, ನೀರು ಹಾಕಬೇಡಿ, ಮರಳು ಸುರಿಯಬೇಡಿ. ಜನರನ್ನು ದೂರ ಕಳಿಸಿ. ಗಾಜಿನ ಕಿಟಕಿ, ನಿಂತ ಗಾಡಿಗಳ ಹತ್ತಿರ ಯಾರೂ ಇರಬಾರದು. ದೂರ ಹೋದ ಮೇಲೆ 112ಕ್ಕೆ ಫೋನ್. ಫೋಟೋ, ವಿಡಿಯೋ ಬೇಡ. ದಯವಿಟ್ಟು ಮಕ್ಕಳಿಗೆ ಇವತ್ತೇ ಹೇಳಿಕೊಡಿ. ನಮ್ಮ ಮನೆ ಮೊಮ್ಮಗಳು ಮುಂದೆ ನಿಂತಿದ್ದಳು.

1ನೇ ಕ್ರಾಸ್, ಮನೆ 7, ಮಾರ್ಚ್ 6, ಬುಧವಾರ
ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಇವತ್ತು ಬಾಂಬ್ ಇಟ್ಟವನ ಸುಳಿವು ಕೊಟ್ಟವರಿಗೆ 10 ಲಕ್ಷ ಬಹುಮಾನ ಅಂತ ಪ್ರಕಟಿಸಿದೆ. ಶಂಕಿತನ ಫೋಟೋ ಎಲ್ಲರ ಮೊಬೈಲಿನಲ್ಲಿದೆ. ಕ್ಯಾಪು, ಮಾಸ್ಕು, ಕನ್ನಡಕ. ಆ ಫೋಟೋದಲ್ಲಿ ಯಾರನ್ನು ಬೇಕಾದರೂ ನೋಡಬಹುದು.

ನಮ್ಮ ಬೀದಿಯ ಟೈಲರ್ ಅಂಗಡಿಗೆ ನಿನ್ನೆ ನಮ್ಮದೇ ಬಡಾವಣೆಯ ಮೂವರು ಹೋಗಿ ಗುರುತಿನ ಚೀಟಿ ತೋರಿಸು ಅಂದರಂತೆ. ಹನ್ನೆರಡು ವರ್ಷದಿಂದ ನನ್ನ ರವಿಕೆ ಹೊಲಿಯುವವರು ಅವರು. ಬಡಾವಣೆಯ ಎಲ್ಲ ಮಕ್ಕಳ ಯೂನಿಫಾರಂ ಅಳತೆ ಅವರ ನೋಟ್‌ಬುಕ್ಕಿನಲ್ಲಿದೆ. ಇವತ್ತು ಹೋದರೆ ಆಧಾರ್ ಕಾರ್ಡನ್ನು ಪ್ಲಾಸ್ಟಿಕ್ ಹಾಕಿಸಿ ಮಿಷನ್ ಮುಂದಿನ ಗೋಡೆಗೆ ಅಂಟಿಸಿದ್ದಾರೆ. ಯಾಕೆ ಭಾಯ್ ಅಂದೆ. "ಯಾರಾದರೂ ಕೇಳಿದರೆ ಹುಡುಕೋದು ಬೇಡ ಅಂತ ಮೇಡಂ" ಅಂದರು. ನನಗೆ ಮಾತೇ ಬರಲಿಲ್ಲ.

2ನೇ ಕ್ರಾಸ್, ಮನೆ 18
ಹೋದ ಮೂವರಲ್ಲಿ ನಾನೂ ಒಬ್ಬ. ಸ್ಫೋಟದ ದಿನ ನನ್ನ ಮಗಳು ಆಫೀಸಿನವರ ಜೊತೆ ಅದೇ ಕೆಫೆಯಲ್ಲಿದ್ದಳು. ಅವಳು ಹೊರಟು ಹದಿನೈದು ನಿಮಿಷಕ್ಕೆ ಸಿಡಿದಿದೆ. ಫೋನ್ ಸಿಗದ ಆ ಅರ್ಧ ಗಂಟೆ ನಾನು ಹೇಗಿದ್ದೆ ಅಂತ ನನಗೇ ಗೊತ್ತು. ಆದರೆ ಅದಕ್ಕೆ ಆ ಮನುಷ್ಯ ಏನು ಮಾಡಿದ್ದರು? ನಾಳೆ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ನಾನೇ ಹೋಗುತ್ತೇನೆ. ಮೇಡಂ, ನೀವೂ ಬರುತ್ತೀರಾ? ಒಬ್ಬನೇ ಹೋದರೆ ಮತ್ತೆ ಹೆದರುತ್ತಾರೇನೋ.

1ನೇ ಕ್ರಾಸ್, ಮನೆ 7
ಬರುತ್ತೇನೆ ಸರ್. ಒಂಬತ್ತೂವರೆಗೆ ತೆಗೆಯುತ್ತಾರೆ.

ಕಾರ್ಯದರ್ಶಿ, ಮಾರ್ಚ್ 10, ಭಾನುವಾರ
ಕೆಫೆ ನಿನ್ನೆ ಮತ್ತೆ ಶುರುವಾಗಿದೆ. ಬಾಗಿಲಲ್ಲೇ ತಪಾಸಣೆ ಇದೆ, ಸಾಲೂ ಇದೆ.

ನಮ್ಮ ಕೆಲಸ ಇಷ್ಟು ಆಗಿದೆ. ಕೊಂಬೆ ಕಡಿಸಿದೆವು. ಕೆಟ್ಟ ಕ್ಯಾಮೆರಾ ಬದಲಾಯಿಸಿದೆವು. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆ ಪ್ರಕಾರ ಜನ ಸೇರುವ ಜಾಗಗಳಲ್ಲಿ ದೃಶ್ಯವನ್ನು 30 ದಿನ ಉಳಿಸಬೇಕು. ನಮ್ಮಲ್ಲಿ ಆರು ದಿನಕ್ಕೇ ಅಳಿಸಿಹೋಗುತ್ತಿತ್ತು. ನಾವೂ 30 ದಿನಕ್ಕೆ ಸಾಕಾಗುವ ಹಾರ್ಡ್‌ಡಿಸ್ಕ್ ಹಾಕಿಸಿದ್ದೇವೆ. ಪಿಜಿ ಅಣ್ಣ ಮತ್ತು 7ನೇ ಮನೆ ಮೇಡಂ 42 ಹುಡುಗರ ಹತ್ತಿರವೂ ಕೂತು ಮಾತಾಡಿ, ಪಟ್ಟಿಯನ್ನು ಠಾಣೆಗೆ ಕೊಟ್ಟಿದ್ದಾರೆ. ಇಬ್ಬರ ಫೋನ್ ನಂಬರ್ ತಪ್ಪಿತ್ತು, ಸರಿಮಾಡಿದ್ದಾರೆ. ಗೇಟಿನ ವಿಷಯ ಸಭೆಯಲ್ಲಿ ಬಿದ್ದುಹೋಯಿತು. ಆಂಬುಲೆನ್ಸ್ ಬರೋಕೆ ಇರುವುದು ಅದೊಂದೇ ದಾರಿ. ಸುಬೇದಾರ್ ಸಾಹೇಬರು ಮುಂದಿನ ಶನಿವಾರ ಸಂಜೆ ಐದಕ್ಕೆ ಪಾರ್ಕಿನಲ್ಲಿ ಮಕ್ಕಳಿಗೆ ಬ್ಯಾಗಿನ ಪಾಠ ಮಾಡುತ್ತಾರೆ. ಪಿಜಿ ಹುಡುಗರೂ ಬರುತ್ತೇವೆ ಅಂದಿದ್ದಾರೆ.

ಟೈಲರ್ ಅಂಗಡಿಯ ಗೋಡೆಯ ಮೇಲಿನ ಕಾರ್ಡು ಇನ್ನೂ ಹಾಗೇ ಇದೆ. ತೆಗೆಯಿರಿ ಅಂತ ನಾವು ಹೇಳಿದೆವು. ಇರಲಿ ಬಿಡಿ ಅಂದರು.

ಪ್ರತಿ ಭಾನುವಾರ ಯಾರಾದರೊಬ್ಬರು ಮೂರೂ ಕ್ಯಾಮೆರಾದ ಗಡಿಯಾರವನ್ನು ಮೊಬೈಲಿನ ಜೊತೆ ತಾಳೆ ನೋಡಬೇಕು. ಮುಂದಿನ ವಾರ 18ನೇ ಮನೆ ಸರ್ ಸರದಿ. ಏಣಿ ನಮ್ಮ ಮನೆಯಲ್ಲಿದೆ.