ಹಳ್ಳದ ದಂಡೆಯ ಅಪ್ಪೆಮರ ಅರ್ಧ ಸೀಳಿಹೋಗಿದೆ, ತಳಿ ಉಳಿಸಿಕೊಳ್ಳುವುದು ಹೇಗೆ?

ಹಳ್ಳದಾಚೆಮನೆ:

ನಮಸ್ಕಾರ ಎಲ್ಲರಿಗೂ. ನಮ್ಮದು ಸಾಗರ ತಾಲ್ಲೂಕು, ವರದಾ ನದಿಗೆ ಹೋಗಿ ಸೇರುವ ಒಂದು ಹಳ್ಳದ ದಂಡೆಯಲ್ಲಿ ಮನೆ. ಕೂಗಳತೆ ದೂರದಲ್ಲಿ ಒಂದು ಅಪ್ಪೆಮರ, ಅಂದರೆ ಉಪ್ಪಿನಕಾಯಿ ಮಿಡಿಯ ಕಾಡುಮಾವಿನ ಮರ ಇದೆ. ಯಾರೂ ನೆಟ್ಟಿದ್ದಲ್ಲ, ತಾನಾಗೇ ಹುಟ್ಟಿದ್ದು. ಅಜ್ಜ ಹುಡುಗರಾಗಿದ್ದಾಗಲೇ ಇಬ್ಬರು ತಬ್ಬಿದರೂ ಕೈಗೆ ಕೈ ಸಿಗುತ್ತಿರಲಿಲ್ಲವಂತೆ. ಹೋದ ವರ್ಷ ಪುನರ್ವಸು ಮಳೆಯ ಗಾಳಿಗೆ ಕವೆಯ ಹತ್ತಿರ ಸೀಳಿ ಅರ್ಧ ಮರ ಹಳ್ಳಕ್ಕೆ ಬಿತ್ತು. ಉಳಿದ ಅರ್ಧದಲ್ಲಿ ಈ ಸಲ ಹೂವೇನೋ ಬಂತು, ಮಿಡಿ ಮಾತ್ರ ಎರಡು ಬುಟ್ಟಿಯೂ ಆಗಲಿಲ್ಲ. ಈಗ ಬುಡದಲ್ಲಿ ರವೆಯ ಹಾಗೆ ಮರದ ಪುಡಿ ಉದುರುತ್ತಿದೆ.

ಈ ಮರದ ಮಿಡಿ ನಮಗೆ ಬರೀ ಉಪ್ಪಿನಕಾಯಿ ಅಲ್ಲ. ತೊಟ್ಟು ಮುರಿದರೆ ಸೊನೆ ಚಿಮ್ಮುತ್ತದೆ, ಆ ಪರಿಮಳ ಸಂಜೆಯವರೆಗೂ ಬೆರಳಲ್ಲಿ ಇರುತ್ತದೆ. ಜೀರಿಗೆ ಮಿಡಿ ಅನ್ನೋಣ ಅಂದರೆ ಅದೂ ಅಲ್ಲ, ಸ್ವಲ್ಪ ಕರ್ಪೂರದ ಕಡೆಗೆ ಹೋಗುತ್ತದೆ. ಅಕ್ಕ ಮದುವೆಯಾಗಿ ಹೋದ ಮನೆಗೂ, ದುಬೈಯಲ್ಲಿರುವ ತಮ್ಮನಿಗೂ ಪ್ರತಿ ವರ್ಷ ಇದೇ ಮರದ ಭರಣಿ ಹೋಗಬೇಕು.

ಅಮ್ಮ ಎರಡು ವರ್ಷದ ಹಿಂದೆ ಹಣ್ಣಾಗಿ ಬಿದ್ದ ಗೊರಟು ತಂದು ಹುಗಿದಿದ್ದರು. ಆರು ಗಿಡ ಎದ್ದಿವೆ. ಎಲೆ ಹಿಸುಕಿ ಮೂಸಿ ನೋಡಿದರೆ ನಾಲ್ಕರಲ್ಲಿ ಸ್ವಲ್ಪ ಪರಿಮಳ ಇದೆ, ಎರಡರಲ್ಲಿ ಏನೂ ಇಲ್ಲ. ಅವನ್ನೇ ನಂಬಿ ಕೂರಬಹುದಾ, ಅಥವಾ ಕಸಿಯೇ ಆಗಬೇಕಾ? ಯಾವಾಗ ಕಟ್ಟಬೇಕು, ಕಸಿಗೆ ಹಳೇ ಮರದಿಂದ ಎಂಥ ಕಡ್ಡಿ ತೆಗೆಯಬೇಕು? ನಿಂತಿರುವ ಅರ್ಧ ಮರ ಉಳಿಯುತ್ತದಾ? ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತೇನೆ, ತಿಂಗಳಿಗೆ ಎರಡು ಸಲ ಊರಿಗೆ ಹೋಗುತ್ತೇನೆ. ಮಳೆ ಹಿಡಿಯೋಕೆ ಇನ್ನು ಹೆಚ್ಚು ದಿನ ಇಲ್ಲ, ಗೊತ್ತಿರುವವರು ದಯವಿಟ್ಟು ಹೇಳಿ.

ಕಸಿಕತ್ತಿ_ಸಿದ್ದಾಪುರ:

ಗೊರಟಿನ ಗಿಡ ನಂಬಬೇಡಿ. ಮಾವಿನ ಒಂದು ಹೂಗೊಂಚಲಲ್ಲಿ ಗಂಡು ಹೂವೂ ಇರುತ್ತದೆ, ಎರಡೂ ಕೂಡಿದ ಹೂವೂ ಇರುತ್ತದೆ. ನೊಣ, ಜೇನು ಇನ್ಯಾವುದೋ ಕಾಡುಮಾವಿನ ಪರಾಗ ತಂದು ಹಾಕುತ್ತವೆ. ಹಾಗಾಗಿ ಗೊರಟಿನಲ್ಲಿ ತಾಯಿ ನಿಮ್ಮ ಮರ, ತಂದೆ ಯಾರೋ ಗೊತ್ತಿಲ್ಲ. ನಿಮ್ಮ ಆರು ಗಿಡದಲ್ಲಿ ಎರಡಕ್ಕೆ ವಾಸನೆಯೇ ಇಲ್ಲ ಅಂದರಲ್ಲ, ಅದೇ ಕಾರಣ. ಕರಾವಳಿ ಕಡೆಯ ಓಲೂರು, ಬಪ್ಪಕಾಯಿ ಥರದ ಕೆಲವು ಮಾವಿನಲ್ಲಿ ಒಂದೇ ಗೊರಟಿನಿಂದ ಮೂರು ನಾಲ್ಕು ಸಸಿ ಏಳುತ್ತವೆ, ಅದರಲ್ಲಿ ಹೆಚ್ಚಿನವು ತಾಯಿಯ ಪಡಿಯಚ್ಚು. ನಿಮ್ಮದು ಹಾಗೆ ಅಂತ ಅಂದುಕೊಂಡು ಕೂರುವುದು ಬೇಡ. ಗಿಡಗಳನ್ನು ಕೀಳಬೇಡಿ, ಅವು ಬೇರೆ ಕೆಲಸಕ್ಕೆ ಬರುತ್ತವೆ, ಮುಂದೆ ಹೇಳುತ್ತೇನೆ.

ಅಪ್ಪೆಯಲ್ಲಿ ಒಂದೊಂದು ಮರವೂ ಒಂದೊಂದು ತಳಿ. ಅನಂತಭಟ್ಟನ ಅಪ್ಪೆ, ಮಾಳಂಜಿ ಅಂತೆಲ್ಲ ಹೆಸರು ಹೇಳುತ್ತೇವಲ್ಲ, ಅವೂ ಹೀಗೇ ಎಲ್ಲೋ ಒಂದು ಕಡೆ ಇದ್ದ ಒಂದು ಒಳ್ಳೆಯ ಮರದಿಂದ ಬಂದವು. ಜನ ಆ ಮರದ ಕಡ್ಡಿ ತಂದು ಕಟ್ಟಿದ್ದಕ್ಕೆ ಉಳಿದವು. ಕಟ್ಟದೇ ಬಿಟ್ಟ ಎಷ್ಟು ಮರ ಹೋದವೋ, ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತದೆ. ನಮ್ಮ ಬೆಟ್ಟದಲ್ಲೇ ಒಂದು ಇತ್ತು, ಮಿಡಿ ಕೊಯ್ಯೋಕೆ ಬಂದವರು ಹತ್ತೋಕೆ ಆಗಲ್ಲ ಅಂತ ಟೊಂಗೆಗಳನ್ನೇ ಕಡಿದು ಕೆಳಗೆ ಹಾಕಿದರು. ಎರಡೇ ವರ್ಷದಲ್ಲಿ ಮರ ಒಣಗಿತು. ಅದರ ಒಂದು ಕಡ್ಡಿಯೂ ನಾನು ತೆಗೆದಿಟ್ಟಿರಲಿಲ್ಲ.

ಈಗ ಕೆಲಸಕ್ಕೆ ಬರೋಣ. ನಮ್ಮ ಮಲೆನಾಡಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಕಸಿಗೆ ಒಳ್ಳೆಯ ಕಾಲ, ಗಾಳಿಯಲ್ಲಿ ತೇವ ಇರಬೇಕು. ನೀವು ಇವತ್ತೇ ಮಾಡಬೇಕಾದ್ದು ಗೊರಟು ಕೂಡಿಹಾಕುವುದು, ಅದರಿಂದ ಏಳುವ ಸಸಿಗೇ ನಿಮ್ಮ ಮರದ ಕಡ್ಡಿ ಕಟ್ಟುವುದು. ಯಾವ ಕಾಟು ಮಾವಿನ, ಅಂದರೆ ತಾನಾಗೇ ಹುಟ್ಟಿದ ನಾಟಿ ಮಾವಿನ, ಗೊರಟಾದರೂ ಆಗುತ್ತದೆ. ತಿಂದು ಎಸೆದ ಮೇಲೆ ತಿಂಗಳುಗಟ್ಟಲೆ ಇಟ್ಟರೆ ಹುಟ್ಟುವುದಿಲ್ಲ, ಒಣಗಿದರೆ ಒಳಗಿನ ಬೀಜ ಸತ್ತುಹೋಗುತ್ತದೆ. ಹಸಿಯಾಗಿದ್ದಾಗಲೇ ಮರಳು, ಗೊಬ್ಬರದ ಮಣ್ಣು ಬೆರೆಸಿದ ಪಾತಿಯಲ್ಲಿ ಸಾಲಾಗಿ ಹುಗಿಯಿರಿ. ಎರಡು ಮೂರು ವಾರದಲ್ಲಿ ಏಳುತ್ತವೆ. ಕಾಂಡ ಇನ್ನೂ ತಾಮ್ರದ ಬಣ್ಣದಲ್ಲಿದ್ದು, ಎಲೆ ಕೆಂಪಗೆ ಜೋತುಬಿದ್ದಿರುವಾಗಲೇ ಕಟ್ಟಬೇಕು, ಅಂದರೆ ಎದ್ದು 8ರಿಂದ 15 ದಿನದ ಒಳಗೆ. ಇದಕ್ಕೆ ಗೊರಟು ಕಸಿ ಅನ್ನುತ್ತಾರೆ.

ಕಡ್ಡಿಯ ವಿಷಯದಲ್ಲಿ ಅವಸರ ಮಾಡಬೇಡಿ. ಬಿಸಿಲು ಬೀಳುವ ಹೊರಗಿನ ಟೊಂಗೆಯ ತುದಿಯಲ್ಲಿ, ಮೂರು ನಾಲ್ಕು ತಿಂಗಳು ಬಲಿತ, ಸಸಿಯ ಕಾಂಡದಷ್ಟೇ ದಪ್ಪದ ಕಡ್ಡಿ ಆರಿಸಿ. ಹೂ ಬಿಟ್ಟ ತುದಿ ಬೇಡ. ಮರದಲ್ಲಿರುವಾಗಲೇ ಅದರ ಎಲೆಗಳನ್ನು ಕತ್ತರಿಸಿ, ಎಲೆಯ ತೊಟ್ಟು ಮಾತ್ರ ಬಿಡಿ. ಒಂದು ವಾರ, ಹತ್ತು ದಿನ ಬಿಟ್ಟು ಹೋಗಿ ನೋಡಿ. ಬೆರಳು ತಾಗಿಸಿದರೆ ಆ ತೊಟ್ಟುಗಳು ತಾವಾಗೇ ಉದುರುತ್ತವೆ, ತುದಿಮೊಗ್ಗು ಅಕ್ಕಿಕಾಳಿನ ಹಾಗೆ ಉಬ್ಬಿರುತ್ತದೆ. ಆಗ ಕೊಯ್ಯಬೇಕು. ನೀವು ತಿಂಗಳಿಗೆ ಎರಡು ಸಲ ಬರುತ್ತೀರಲ್ಲ, ಒಂದು ಸಲ ಎಲೆ ತೆಗೆಯೋಕೆ, ಇನ್ನೊಂದು ಸಲ ಕೊಯ್ದು ಕಟ್ಟೋಕೆ, ಲೆಕ್ಕ ಸರಿಯಾಗುತ್ತದೆ.

ಸಸಿಯನ್ನು ಗೊರಟಿನಿಂದ ಮೂರು ನಾಲ್ಕು ಬೆರಳು ಮೇಲೆ ಅಡ್ಡ ಕತ್ತರಿಸಿ, ನಡುವೆ ಒಂದೂವರೆ ಇಂಚು ಸೀಳಿ. ಕಡ್ಡಿಯ ಬುಡವನ್ನು ಅಷ್ಟೇ ಉದ್ದಕ್ಕೆ ಎರಡೂ ಕಡೆ ಬೆಣೆಯ ಹಾಗೆ ಹೆರೆಯಿರಿ. ಒಂದೇ ಎಳೆತಕ್ಕೆ ಹೆರೆಯಬೇಕು, ಗೀರಿ ಗೀರಿ ತೆಗೆದರೆ ಮೈ ಸಮ ಬರುವುದಿಲ್ಲ, ಒಳಗೆ ಗಾಳಿ ನಿಂತು ಕಪ್ಪಾಗುತ್ತದೆ. ಬೆಣೆ ಸೀಳಿಗೆ ಕೂರಿಸಿದಾಗ ಒಂದು ಕಡೆಯಾದರೂ ತೊಗಟೆಗೆ ತೊಗಟೆ ಸೇರಲೇಬೇಕು. ಪ್ಲಾಸ್ಟಿಕ್ ಪಟ್ಟಿಯಿಂದ ಕೆಳಗಿನಿಂದ ಮೇಲಕ್ಕೆ ಬಿಗಿಯಾಗಿ ಸುತ್ತಿ. ಮೇಲೊಂದು ಸಣ್ಣ ಪ್ಲಾಸ್ಟಿಕ್ ಕೊಟ್ಟೆ ಟೊಪ್ಪಿಯ ಹಾಗೆ ಹಾಕಿ ಕಟ್ಟಿ. ಎರಡು ಮೂರು ವಾರದಲ್ಲಿ ಚಿಗುರು ಕಂಡರೆ ಟೊಪ್ಪಿ ತೆಗೆಯಿರಿ. ಕಸಿಯ ಕೆಳಗೆ ಬರುವ ಚಿಗುರನ್ನು ಬಂದ ಹಾಗೇ ಚಿವುಟಬೇಕು. ಇದನ್ನು ಅಮ್ಮನಿಗೆ ಸರಿಯಾಗಿ ಹೇಳಿ ಹೋಗಿ, ಎಷ್ಟೋ ಜನ ಕಾಟು ಚಿಗುರನ್ನೇ ಅಪ್ಪೆ ಅಂತ ಸಾಕಿ ಆಮೇಲೆ ಮೋಸಹೋಗಿದ್ದಾರೆ.

ನಿಮ್ಮ ಆ ಆರು ಗಿಡ ಎರಡು ವರ್ಷದವು, ಬೇರು ಇಳಿದಿರುತ್ತದೆ. ಅವುಗಳ ಎಳೆಯ ಚಿಗುರಿಗೇ ಇದೇ ಬೆಣೆ ಕಸಿ ಕಟ್ಟಿ. ಕಿತ್ತು ನೆಡುವ ಗೋಜೇ ಇಲ್ಲ.

ಮಿಡಿಭರಣಿ:

ತಮ್ಮಾ, ಮೇಲಿನವರು ಹೇಳಿದ್ದು ಸರಿ ಇದೆ. ನಾನು ಮರದ ಬಗ್ಗೆ ಒಂದು ಮಾತು, ಮಿಡಿಯ ಬಗ್ಗೆ ಒಂದು ಮಾತು ಹೇಳುತ್ತೇನೆ.

ಬುಡದಲ್ಲಿ ಪುಡಿ ಬೀಳುತ್ತಿದೆ ಅಂದರೆ ಕಾಂಡಕೊರಕ ಹೊಕ್ಕಿದೆ. ಹಳೇ ಮರ, ಅದರಲ್ಲೂ ಸೀಳಿದ ಮರ ಅಂದರೆ ಆ ಹುಳಕ್ಕೆ ಬಾಗಿಲು ತೆರೆದಿಟ್ಟ ಹಾಗೆ. ಪುಡಿ ಎಲ್ಲಿಂದ ಬರುತ್ತಿದೆ ಅಂತ ತೊಗಟೆ ಮೇಲೆ ಹುಡುಕು, ತೂತು ಸಿಗುತ್ತದೆ. ಸೈಕಲ್ ಚಕ್ರದ ಕಡ್ಡಿಯ ತುದಿ ಕೊಕ್ಕೆ ಮಾಡಿ ಒಳಗೆ ಹಾಕಿ ತಿರುಗಿಸಿದರೆ ಹುಳ ಸಿಕ್ಕಿಬೀಳುತ್ತದೆ, ಬೆರಳುದ್ದ ಇರುತ್ತದೆ, ಬಿಳೀ ಬಣ್ಣ. ಆಮೇಲೆ ತೂತನ್ನು ಜೇಡಿಮಣ್ಣಿಂದ ಮುಚ್ಚು. ಸೀಳಿದ ಜಾಗದ ಚೂಪು ಸಿಬಿರುಗಳನ್ನೆಲ್ಲ ಗರಗಸದಿಂದ ನುಣ್ಣಗೆ ಮಾಡಿ, ನೀರು ನಿಲ್ಲದ ಹಾಗೆ ಓರೆ ಮಾಡಿ ಬೋರ್ಡೋ ಮುಲಾಮು ಬಳಿ. ನಿಮ್ಮನೆಯಲ್ಲಿ ಅಡಿಕೆ ಕೊಳೆರೋಗಕ್ಕೆ ಹೊಡೆಯೋಕೆ ಮೈಲುತುತ್ತ, ಸುಣ್ಣ ತಂದಿರುತ್ತಾರಲ್ಲ, ಅದೇ ಸಾಕು. ಮುಲಾಮಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 10 ಲೀಟರ್ ನೀರು. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಕಬ್ಬಿಣದ ಪಾತ್ರೆ ಬೇಡ. ಟೊಂಗೆಯಲ್ಲಿ ಬಂದಳಿಕೆ ಇದ್ದರೆ ಅದನ್ನೂ ಟೊಂಗೆ ಸಮೇತ ತೆಗೆದುಬಿಡು, ಮರದ ರಸವನ್ನೇ ಹೀರುವ ಜಾತಿ ಅದು.

ಇನ್ನು ಮಿಡಿ. ಈ ವರ್ಷ ಎರಡು ಬುಟ್ಟಿಗೆ ಕಮ್ಮಿ ಅಂದೆಯಲ್ಲ, ಅದನ್ನು ಹೇಗೆ ಕೊಯ್ಸಿದಿರಿ? ನೆಲಕ್ಕೆ ಬಿದ್ದ ಮಿಡಿ ಭರಣಿಗೆ ಹಾಕಲೇಬೇಡಿ. ಪೆಟ್ಟಾಗಿದ್ದು ಮೇಲೆ ಕಾಣುವುದಿಲ್ಲ, ಒಳಗೇ ಮೆತ್ತಗಾಗಿ ಪಕ್ಕದ್ದನ್ನೂ ಕೆಡಿಸುತ್ತದೆ. ನಮ್ಮಲ್ಲಿ ಮರ ಹತ್ತಿದವರು ಮಿಡಿಯನ್ನು ಚೀಲಕ್ಕೆ ಹಾಕಿ ಹಗ್ಗದಲ್ಲಿ ಇಳಿಸುತ್ತಾರೆ. ತೊಟ್ಟು ಸ್ವಲ್ಪ ಇರಲೇಬೇಕು, ಇಲ್ಲದಿದ್ದರೆ ಸೊನೆ ಎಲ್ಲ ಹರಿದುಹೋಗುತ್ತದೆ. ಅಪ್ಪೆ ವರ್ಷಗಟ್ಟಲೆ ಕೆಡದೇ ಇರುವುದು, ಪರಿಮಳ ಉಳಿಯುವುದು ಆ ಸೊನೆಯಿಂದಲೇ. ತೊಳೆದು, ಬಟ್ಟೆಯಲ್ಲಿ ಒರೆಸಿ ನೀರಾರಿಸಿ, ಒಂದು ಪದರ ಮಿಡಿ ಒಂದು ಪದರ ಕಲ್ಲುಪ್ಪು ಹಾಕಿ ಮೇಲೆ ಭಾರ ಇಡುವುದು. ನೀರು ಬಿಟ್ಟು ಮಿಡಿ ಅಜ್ಜಿಯ ಕೆನ್ನೆಯ ಹಾಗೆ ಸುಕ್ಕಾದ ಮೇಲೆ ಆ ಉಪ್ಪುನೀರನ್ನೇ ಕುದಿಸಿ, ಪೂರ್ತಿ ಆರಿಸಿ, ಸಾಸಿವೆ ಮೆಣಸು ಅದರಲ್ಲೇ ಬೀಸುವುದು. ಹಸಿ ನೀರು ಒಂದು ಹನಿಯೂ ಬೀಳಬಾರದು.

ಈ ವರ್ಷದ ಭರಣಿಗಳಲ್ಲಿ ಒಂದನ್ನು ಹಾಗೇ ಎತ್ತಿಡು. ನಾಳೆ ಕಸಿ ಗಿಡ ಮಿಡಿ ಬಿಟ್ಟಾಗ ಪಕ್ಕದಲ್ಲಿಟ್ಟು ರುಚಿ ನೋಡೋಕೆ ಬೇಕಾಗುತ್ತದೆ.

ಶ್ರೀನಿವಾಸಪುರ_ತೋಟ:

ನಮ್ಮ ಕಡೆ ತೋತಾಪುರಿ, ಬಾದಾಮಿ, ಮಲ್ಲಿಕಾ ಬಿಟ್ಟರೆ ಬೇರೆ ಮಾತಿಲ್ಲ, ಅಪ್ಪೆ ತಿಂದಿದ್ದೇನೆ ಹೊರತು ಬೆಳೆದಿಲ್ಲ. ಒಂದು ಸಂದೇಹ. ಅಪ್ಪೆಯ ಕಸಿ ಗಿಡ ಈಗ ನರ್ಸರಿಗಳಲ್ಲೇ ಸಿಗುತ್ತದಲ್ವಾ? ಇಷ್ಟೆಲ್ಲ ಒದ್ದಾಟ ಯಾಕೆ, ನಾಲ್ಕು ಒಳ್ಳೇ ಗಿಡ ತಂದು ನೆಟ್ಟರೆ ಆಗಲ್ವಾ?

ಕಸಿ ಮಾಡಲೇಬೇಕು ಅಂದರೆ ನನಗೆ ಗೊತ್ತಿರುವ ಇನ್ನೊಂದು ದಾರಿ ಹೇಳುತ್ತೇನೆ. ನಿಮ್ಮ ಜಾಗದಲ್ಲಿ ಹತ್ತು ಹದಿನೈದು ವರ್ಷದ ಕಾಟು ಮಾವಿನ ಮರ ಇದೆಯಾ? ಇದ್ದರೆ ಅದರ ಟೊಂಗೆಗಳನ್ನು ಎದೆಯೆತ್ತರಕ್ಕೆ ಸವರಿ. ಬರುವ ಚಿಗುರಲ್ಲಿ ಗಟ್ಟಿಯಾದ ಆರೇಳು ಮಾತ್ರ ಉಳಿಸಿ, ಅವಕ್ಕೆ ನಿಮ್ಮ ಅಪ್ಪೆ ಕಡ್ಡಿ ಕಟ್ಟಿ. ನಾವು ಕೆಲಸಕ್ಕೆ ಬಾರದ ನಾಟಿ ಮರಗಳನ್ನು ಹೀಗೇ ಬಾದಾಮಿಗೆ ತಿರುಗಿಸಿದ್ದು. ಬೇರು ಮೊದಲೇ ಬಲವಾಗಿರುವುದರಿಂದ ಮೂರನೇ ವರ್ಷಕ್ಕೇ ಕಾಯಿ ನೋಡಬಹುದು. ಕಟ್ಟಿದ ಮೇಲೆ ಕೆಳಗಿನ ಚಿಗುರು ಹೆಚ್ಚು ಬರುತ್ತದೆ, ಎರಡು ವರ್ಷ ಬಿಡದೆ ತೆಗೆಯುತ್ತಿರಬೇಕು.

ಹಳ್ಳದಾಚೆಮನೆ:

ಎಲ್ಲರಿಗೂ ತುಂಬಾ ಧನ್ಯವಾದ. ಕಾಟು ಮಾವಿನ ಮರ ಎರಡಿವೆ, ಒಂದನ್ನು ಹಾಗೇ ಮಾಡುತ್ತೇನೆ.

ತೋಟದವರೇ, ನರ್ಸರಿ ಗಿಡ ಯಾಕೆ ಸಾಲದು ಅಂದರೆ, ಅಲ್ಲಿ ಸಿಗುವುದು ಬೇರೆ ಮರದ ಅಪ್ಪೆ. ಅದೂ ಒಳ್ಳೆಯದೇ ಇರಬಹುದು, ನೆಡುತ್ತೇನೆ ಕೂಡ. ಆದರೆ ನಮ್ಮ ಹಳ್ಳದ ಈ ಪರಿಮಳ ಲೋಕದಲ್ಲಿ ಇರುವುದು ಈ ಒಂದೇ ಮರದಲ್ಲಿ. ನಿಮ್ಮ ಬಾದಾಮಿಗೆ ಸಾವಿರಾರು ಮರ ಇವೆ, ಒಂದು ಹೋದರೆ ಇನ್ನೊಂದರಿಂದ ಕಡ್ಡಿ ತರಬಹುದು. ಇದು ಬಿದ್ದರೆ ತರೋಕೆ ಇನ್ನೊಂದು ಮನೆ ಇಲ್ಲ.

ಮಿಡಿಭರಣಿ ಅಕ್ಕ, ಕೊಯ್ಸಿದ್ದು ನೀವು ಹೇಳಿದ ಹಾಗೇ, ಹಗ್ಗ ಕಟ್ಟಿ ಇಳಿಸಿದ್ದೇವೆ. ಒಂದು ಭರಣಿ ಎತ್ತಿಡಲು ಅಮ್ಮನಿಗೆ ಹೇಳಿದೆ. ಮೂರು ತೂತು ಸಿಕ್ಕಿವೆ, ಎರಡರಲ್ಲಿ ಹುಳ ಸಿಕ್ಕಿತು.

ಕಸಿಕತ್ತಿ_ಸಿದ್ದಾಪುರ:

ಇನ್ನೊಂದು ಮರೆತಿದ್ದೆ. ಒಂದೇ ಜಾಗದಲ್ಲಿ ಎಲ್ಲವನ್ನೂ ಇಡಬೇಡಿ. ಕಟ್ಟಿದ್ದರಲ್ಲಿ ಎರಡು ಗಿಡ ಅಕ್ಕನ ಮನೆಗೆ, ಎರಡು ಪಕ್ಕದ ಊರಿನ ಗೊತ್ತಿರುವವರಿಗೆ ಕೊಡಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆಯವರು ಮಲೆನಾಡಿನ ಅಪ್ಪೆ ತಳಿಗಳನ್ನು ಹುಡುಕಿ ತಂದು ಬೆಳೆಸಿಟ್ಟಿದ್ದಾರೆ, ನೀವು ಬೆಂಗಳೂರಲ್ಲೇ ಇದ್ದೀರಿ, ನಾಲ್ಕು ಕಡ್ಡಿ ಹಿಡಿದುಕೊಂಡು ಹೋಗಿ ಕೇಳಿ ನೋಡಿ. ಶಿರಸಿಯ ತೋಟಗಾರಿಕೆ ಕಾಲೇಜಿನಲ್ಲೂ ವಿಚಾರಿಸಬಹುದು. ಕಡ್ಡಿ ಒಯ್ಯುವಾಗ ಒದ್ದೆ ಬಟ್ಟೆಯಲ್ಲಿ ಸುತ್ತಿ, ಮೇಲೆ ಬಾಳೆಪಟ್ಟೆ ಸುತ್ತಿ. ಮೂರು ದಿನದ ಒಳಗೆ ಕಟ್ಟಿದರೆ ಒಳ್ಳೆಯದು.

ಹಳ್ಳದಾಚೆಮನೆ:

ಆಶ್ಲೇಷ ಮಳೆ ಮುಗಿಯಿತು, ಏನಾಯಿತು ಅಂತ ಹೇಳಬೇಕಲ್ಲ. ಗೊರಟಿನ ಸಸಿಗೆ 24 ಕಟ್ಟಿದ್ದೆವು, ಮೊದಲ ಹತ್ತು ನಾನೇ ಕಟ್ಟಿದ್ದು, ಅದರಲ್ಲಿ ಒಂದೂ ಹಿಡಿಯಲಿಲ್ಲ. ಬೆಣೆ ಸಮ ಬಂದಿರಲಿಲ್ಲ, ಬಿಚ್ಚಿ ನೋಡಿದರೆ ನೀವು ಹೇಳಿದ ಹಾಗೇ ಒಳಗೆ ಕಪ್ಪು. ಉಳಿದದ್ದನ್ನು ಊರಿನ ಒಬ್ಬರು ಹಿರಿಯರು ಬಂದು ಕಟ್ಟಿಕೊಟ್ಟರು, 14ರಲ್ಲಿ 9 ಚಿಗುರಿವೆ. ಅಮ್ಮನ ಆರು ಗಿಡದಲ್ಲಿ ನಾಲ್ಕು ಹಿಡಿದಿವೆ. ಕಾಟು ಮರ ಸವರಿದ್ದೇವೆ, ಅದರ ಚಿಗುರಿಗೆ ಕಟ್ಟುವುದು ಮುಂದಿನ ಮಳೆಗೆ.

ಹಳೇ ಮರ ಈ ಮಳೆಗಾಲ ನಿಂತಿದೆ. ಹಳ್ಳದ ಕಡೆಯ ಟೊಂಗೆಯಲ್ಲಿ ಕೆಂಚಿಗುರು ಬಂದಿದೆ.

ನಿನ್ನೆ ಚಿಗುರಿದ ಒಂದು ಕಸಿಯ ಎಳೆ ಎಲೆಯ ತುದಿ ಚೂರೇ ಚೂರು ಹಿಸುಕಿ ಅಮ್ಮನ ಮೂಗಿನ ಹತ್ತಿರ ಹಿಡಿದೆ. ಕಣ್ಣು ಮುಚ್ಚಿಕೊಂಡು ಮೂಸಿದರು, "ಹೂಂ, ಇದು ನಮ್ಮದೇ" ಅಂದರು.