ಪಣಜಿಯಲ್ಲಿ ಕ್ಯಾಸಿನೊ ಡೀಲರ್ ಆಗಬೇಕು ಅನ್ನೋರಿಗೆ: ನೀವು ಕೇಳಿದ್ದು, ನಾನು ಹೇಳಿದ್ದು

ಪ್ರಶ್ನೆ, ಹುಬ್ಬಳ್ಳಿಯಿಂದ: ಅಕ್ಕಾ ನಮಸ್ಕಾರ. ಬಿ.ಕಾಂ ಮುಗಿದಿದೆ, ಸದ್ಯ ಒಂದು ಹೋಟೆಲ್‌ನ ಕ್ಯಾಷ್ ಕೌಂಟರ್‌ನಲ್ಲಿದ್ದೀನಿ. ಪಣಜಿಯಲ್ಲಿರೋ ಗೆಳೆಯ ಒಬ್ಬ ಕ್ಯಾಸಿನೊದಲ್ಲಿ ಡೀಲರ್ ಕೆಲಸಕ್ಕೆ, ಅಂದ್ರೆ ಮೇಜಿನಲ್ಲಿ ಕಾರ್ಡ್ ಹಂಚಿ ಆಟ ನಡೆಸೋಕೆ, ಬಾ ಅಂತಿದ್ದಾನೆ. ಬೆಂಗಳೂರಿನಲ್ಲಿ ಒಬ್ಬರು ಕೋರ್ಸ್ ಮಾಡಿಸ್ತೀವಿ, ಕೆಲಸ ಗ್ಯಾರಂಟಿ ಅಂತ ಒಂದೂವರೆ ಲಕ್ಷ ಕೇಳ್ತಿದ್ದಾರೆ. ಕೊಡಲಾ? ನನಗೆ ಇಸ್ಪೀಟು ಅಷ್ಟಾಗಿ ಬರಲ್ಲ. ಲೆಕ್ಕ ಪರವಾಗಿಲ್ಲ.

ಉತ್ತರ: ತಮ್ಮಾ, ಕೊಡಬೇಡ. ಕೆಲಸ ಗ್ಯಾರಂಟಿ ಅಂತ ಬರೆದುಕೊಡುವ ಅಧಿಕಾರ ಹೊರಗಿನ ಯಾವ ಕೋರ್ಸಿನವರಿಗೂ ಇಲ್ಲ. ಪಣಜಿಯ ದೊಡ್ಡ ಕ್ಯಾಸಿನೊಗಳು ಟ್ರೇನಿ ಡೀಲರ್ ಅಂತ ಹೊಸಬರನ್ನು ತಾವೇ ತಗೊಂಡು ತಾವೇ ಕಲಿಸುತ್ತವೆ. ಹೊರಗೆ ಕಲಿತು ಬಂದವರಿಗೂ ಒಳಗೆ ಮತ್ತೆ ಮೊದಲಿಂದ ಪಾಠ ಆಗುತ್ತೆ, ಯಾಕಂದ್ರೆ ಒಂದೊಂದು ಕ್ಯಾಸಿನೊದ ಪದ್ಧತಿ ಒಂದೊಂದು ಥರ. ಆ ದುಡ್ಡು ಬ್ಯಾಂಕಿನಲ್ಲೇ ಇರಲಿ. ಕಂಪನಿಯ ಎಚ್‌ಆರ್‌ಗೆ ನೇರವಾಗಿ ಅರ್ಜಿ ಹಾಕು, ವಾಕ್-ಇನ್ ಇದ್ದಾಗ ಹೋಗು. ಗೆಳೆಯ ಅಲ್ಲೇ ಇದ್ದಾನಲ್ಲ, ಯಾವಾಗ ಆಳು ತಗೋತಾರೆ ಅಂತ ಅವನಿಗೇ ಮೊದಲು ಗೊತ್ತಾಗುತ್ತೆ.

ಇಸ್ಪೀಟು ಬರದಿದ್ದರೆ ಏನೂ ನಷ್ಟ ಇಲ್ಲ. ಆಡಿ ಅಭ್ಯಾಸ ಆದವರಿಗೆ ಕೈಯಲ್ಲಿ ಬೇರೆ ಬೇರೆ ಚಾಳಿ ಕೂತಿರುತ್ತೆ, ಅದನ್ನು ಬಿಡಿಸೋದೇ ಕಲಿಸುವವರಿಗೆ ಕಷ್ಟ. ಬೇಕಾಗಿರೋದು ಬಾಯಿಲೆಕ್ಕ, ಚುರುಕಾದ ಕೈ, ತಡ್ಕೊಳ್ಳೋ ಸ್ವಭಾವ. ಜೊತೆಗೆ ಎಂಟು ಗಂಟೆ ನಿಂತೇ ಇರಬಲ್ಲ ಬೆನ್ನು. ಇಂಗ್ಲಿಷ್ ಮತ್ತು ಹಿಂದಿ ಮಾತಾಡೋಕೆ ಬರಬೇಕು. ಬೆಂಗಳೂರು, ಬೆಳಗಾವಿ ಕಡೆಯಿಂದ ಗಿರಾಕಿಗಳು ಜಾಸ್ತಿ ಬರ್ತಾರೆ, ಹಾಗಾಗಿ ಕನ್ನಡವೂ ಅಲ್ಲಿ ದಿನಾ ಉಪಯೋಗಕ್ಕೆ ಬರುತ್ತೆ.

ಅದೇ ಹುಡುಗ: ಲೆಕ್ಕ ಅಂದ್ರೆ ಎಂಥ ಲೆಕ್ಕ ಅಕ್ಕ? ಟೆಸ್ಟ್ ಇರುತ್ತಾ?

ಉತ್ತರ: ಇರುತ್ತೆ. ಕ್ಯಾಲ್ಕುಲೇಟರ್ ಇಲ್ಲ, ಕಾಗದ ಇಲ್ಲ, ತಲೆಯಲ್ಲೇ. ರೂಲೆಟ್ ಮೇಜು ತಗೋ, ನಂಬರ್ ಬರೆದ ಚಕ್ರ ತಿರುಗಿಸಿ ಚೆಂಡು ಬಿಡೋ ಆಟ, ಲೆಕ್ಕ ಜಾಸ್ತಿ ಬೀಳೋದು ಅಲ್ಲೇ. ಒಂದೇ ಸೊನ್ನೆ ಇರೋ ಚಕ್ರದಲ್ಲಿ 0ಯಿಂದ 36ರವರೆಗೆ 37 ಮನೆ. ಆಡೋರು ದುಡ್ಡಿನ ಬದಲು ಇಡೋ ಬಿಲ್ಲೆಗೆ ಚಿಪ್ ಅಂತೀವಿ. ನೇರವಾಗಿ ನಂಬರಿನ ಮೇಲೆ ಇಟ್ಟ ಚಿಪ್ಪಿಗೆ, ಚೆಂಡು ಅಲ್ಲೇ ಬಿದ್ರೆ, 35 ಪಟ್ಟು. ಎರಡು ನಂಬರ್ ನಡುವಿನ ಗೆರೆ ಮೇಲೆ ಇಟ್ಟರೆ 17, ಮೂರರ ಸಾಲಿಗೆ 11, ನಾಲ್ಕು ಸೇರೋ ಮೂಲೆಗೆ 8, ಆರು ನಂಬರಿಗೆ 5. ಈಗ ಚೆಂಡು 20ರಲ್ಲಿ ಬಿತ್ತು ಅಂದ್ಕೋ. ಒಬ್ಬ ಗಿರಾಕಿದು 20ರ ಮೇಲೆ ಮೂರು ಚಿಪ್, ಅದರ ಸುತ್ತಲಿನ ಗೆರೆಗಳ ಮೇಲೆ ಒಟ್ಟು ನಾಲ್ಕು, ಮೂಲೆಗಳಲ್ಲಿ ಎರಡು. 105, 68, 16. ಒಟ್ಟು 189. ಒಂದು ಚಿಪ್ಪಿಗೆ 100 ರೂಪಾಯಿ ಆದ್ರೆ 18,900. ಇದರಲ್ಲಿ ಎಷ್ಟು ದೊಡ್ಡ ಬೆಲೆಯ ಚಿಪ್, ಎಷ್ಟು ಆ ಗಿರಾಕಿ ಆಡ್ತಿರೋ ಬಣ್ಣದ ಚಿಪ್ ಕೊಡಬೇಕು ಅನ್ನೋದನ್ನೂ ಅಲ್ಲೇ ತೀರ್ಮಾನಿಸಿ, ಬಾಯಲ್ಲಿ ಹೇಳಿ, ಮುಂದೆ ತಳ್ಳಬೇಕು. ಅಷ್ಟರಲ್ಲಿ ಪಕ್ಕದಲ್ಲಿ ಇನ್ನೂ ಮೂರು ಜನ ತಮ್ಮ ಚಿಪ್ ಯಾವಾಗ ಬರುತ್ತೆ ಅಂತ ನೋಡ್ತಾ ನಿಂತಿರ್ತಾರೆ.

ಆದ್ದರಿಂದ ಈವತ್ತಿಂದಲೇ 17ರ ಮಗ್ಗಿ ಮತ್ತು 35ರ ಮಗ್ಗಿಯನ್ನ ಇಪ್ಪತ್ತರವರೆಗೆ ಬಾಯಿಪಾಠ ಮಾಡು. ನೇರವಾಗಿ, ಹಿಂದಿನಿಂದ, ನಡುವೆ ಎಲ್ಲಿ ಕೇಳಿದ್ರೂ ಬರಬೇಕು. ನಮ್ಮ ಶಾಲೆಗಳಲ್ಲಿ ಮಗ್ಗಿ ಕೂಗಿಸಿ ಕಲಿಸಿದವರಿಗೆ ಇದು ಬೇಗ ಹತ್ತುತ್ತೆ, ನಾನು ಕಲಿಸಿದ ಹುಡುಗರಲ್ಲಿ ಇದನ್ನ ಚೆನ್ನಾಗಿ ನೋಡಿದ್ದೀನಿ.

ಆಮೇಲೆ ಕೈ. ಇಪ್ಪತ್ತು ಚಿಪ್ಪಿನ ಒಂದು ಕಟ್ಟು ಹಿಡಿದು, ಐದು ಮೇಜಿನ ಮೇಲೆ ಬಿಟ್ಟು, ಅದರ ಪಕ್ಕ ಇನ್ನೈದು, ಮತ್ತೈದು, ಹೀಗೆ ಸಮ ಎತ್ತರಕ್ಕೆ ಕತ್ತರಿಸಿ ಇಡೋದು. ಇದಕ್ಕೆ ಚಿಪ್ ಕಟಿಂಗ್ ಅಂತೀವಿ. ಬ್ಯಾಂಕಿನ ಹಳೇ ಕ್ಯಾಷಿಯರ್ ನೋಟು ಎಣಿಸೋ ಹಾಗೆ, ಕಣ್ಣು ಗಿರಾಕಿ ಮೇಲೆ ಇದ್ದಾಗ್ಲೂ ಬೆರಳಿಗೆ ಐದು ಅಂದ್ರೆ ಎಷ್ಟು ಎತ್ತರ ಅಂತ ಗೊತ್ತಿರಬೇಕು. ಸೋತ ಚಿಪ್ಪುಗಳನ್ನ ಮೇಜಿಂದ ಬಾಚಿ, ಬಣ್ಣ ಬೇರೆ ಮಾಡಿ, ಇಪ್ಪತ್ತರ ಕಟ್ಟು ಕಟ್ಟೋದೂ ನಿನ್ನ ಕೆಲಸವೇ. ಮೊದಮೊದಲು ಬೆರಳು ನೋವು ಬರುತ್ತೆ. ಬಿಡಬೇಡ, ಹೋಗುತ್ತೆ.

ಬ್ಲ್ಯಾಕ್‌ಜಾಕ್, ಬಾಕರಾ, ಫ್ಲಶ್, ಅಂದರ್ ಬಾಹರ್ ಇವೆಲ್ಲ ಇಸ್ಪೀಟಿನ ಆಟಗಳು, ಒಂದೊಂದಾಗಿ ಬರ್ತವೆ. ಊರಲ್ಲಿ ರೇಡ್ ಆದಾಗ ಪೇಪರ್‌ನಲ್ಲಿ ಓದ್ತೀವಲ್ಲ, ಅದೇ ಅಂದರ್ ಬಾಹರ್. ಹೊಸಬರನ್ನು ಸುಲಭದ ಮೇಜಿಂದ ಶುರು ಮಾಡಿಸ್ತಾರೆ. ಆಟ ಜಾಸ್ತಿ ಬಂದಷ್ಟೂ ನಿನಗೆ ಬೆಲೆ.

ಪ್ರಶ್ನೆ, ಶಿವಮೊಗ್ಗದಿಂದ: ಮೇಡಂ, ನಮ್ಮ ಮಗನೂ ಇದೇ ಮಾತಾಡ್ತಿದ್ದಾನೆ. ಜೂಜಿನ ಕೆಲಸ, ನಾಳೆ ಪೊಲೀಸ್ ಕೇಸ್ ಆದ್ರೆ? ಅಲ್ಲಿ ಇದ್ದು ಅವನೂ ಆಡೋಕೆ ಕಲಿತ್ರೆ? ನಮಗೆ ರಾತ್ರಿ ನಿದ್ದೆ ಬರ್ತಿಲ್ಲ.

ಉತ್ತರ: ಅಮ್ಮಾ, ನಿಮ್ಮ ಭಯ ನ್ಯಾಯವಾದದ್ದೇ. ಮೊದಲು ಕಾನೂನಿನ ಮಾತು ಹೇಳ್ತೀನಿ. ಗೋವಾದಲ್ಲಿ 1976ರ ಜೂಜು ಕಾಯ್ದೆಗೆ 1992ರಲ್ಲಿ ತಿದ್ದುಪಡಿ ಮಾಡಿ ಪಂಚತಾರಾ ಹೋಟೆಲ್‌ಗಳಲ್ಲಿ ಸ್ಲಾಟ್ ಮಷೀನ್‌ಗೆ ಅವಕಾಶ ಕೊಟ್ಟರು, 1996ರಲ್ಲಿ ಹಡಗಿನ ಮೇಲೆ ಮೇಜಿನ ಆಟಗಳಿಗೂ ಕೊಟ್ಟರು. ಮಾಂಡೋವಿ ನದಿಯಲ್ಲಿ ದೊಡ್ಡ ದೊಡ್ಡ ಹಡಗುಗಳು ನಿಂತಿರೋದು ಅದಕ್ಕೇ. ಲೈಸೆನ್ಸ್ ಇರೋ ಕ್ಯಾಸಿನೊದಲ್ಲಿ ಡೀಲರ್ ಅಂದ್ರೆ ಪಿಎಫ್ ಕಟ್ ಆಗೋ, ಸಂಬಳದ ಚೀಟಿ ಸಿಗೋ ಕೆಲಸ. ಸಿಕ್ಕಿಂನಲ್ಲೂ 2002ರ ಕಾಯ್ದೆ ಇದೆ. ನಮ್ಮ ಕರ್ನಾಟಕದಲ್ಲಿ ಹಾಗಿಲ್ಲ, 1963ರ ಪೊಲೀಸ್ ಕಾಯ್ದೆ ಪ್ರಕಾರ ಜೂಜು ಅಡ್ಡೆ ನಡೆಸೋದೂ ಅಪರಾಧ, ಅಲ್ಲಿ ಇರೋದೂ ಅಪರಾಧ. ಫಾರ್ಮ್‌ಹೌಸ್ ಪಾರ್ಟಿಗೆ ಒಂದು ರಾತ್ರಿ ಬಂದು ಕಾರ್ಡ್ ಹಂಚಿ ಹೋಗಿ, ಕೈ ತುಂಬಾ ಕೊಡ್ತೀವಿ ಅಂತ ಯಾರಾದ್ರೂ ಕರೆದ್ರೆ ನಿಮ್ಮ ಮಗ ಖಂಡಿತ ಹೋಗಬಾರದು.

ಇನ್ನು ಆಡೋ ಚಟ. ತಾನು ಕೆಲಸ ಮಾಡೋ ಕ್ಯಾಸಿನೊದಲ್ಲಿ ಡೀಲರ್ ಆಡೋ ಹಾಗಿಲ್ಲ, ಗೊತ್ತಾದ್ರೆ ಕೆಲಸ ಹೋಗುತ್ತೆ. ನಿಜ ಹೇಳಬೇಕಂದ್ರೆ ಮೇಜಿನ ಆ ಕಡೆ ನಿಂತವರಿಗೆ ಲೆಕ್ಕ ದಿನಾ ಕಣ್ಣಿಗೆ ಕಾಣುತ್ತೆ. 37 ಮನೆ ಇರೋ ಚಕ್ರಕ್ಕೆ 35 ಪಟ್ಟು ಕೊಟ್ಟರೆ, ಇಟ್ಟ ನೂರು ರೂಪಾಯಿಗೆ ಸರಾಸರಿ 2 ರೂಪಾಯಿ 70 ಪೈಸೆ ಕ್ಯಾಸಿನೊಗೆ ಉಳಿಯುತ್ತೆ. ಒಂದು ರಾತ್ರಿ ಯಾರೋ ಗೆದ್ದುಕೊಂಡು ಹೋಗ್ತಾರೆ, ವರ್ಷದ ಕೊನೆಗೆ ಗೆಲ್ಲೋದು ಕ್ಯಾಸಿನೊನೇ. ಆದ್ರೂ ಅಪ್ಪನೋ ಅಣ್ಣನೋ ಆಟದಲ್ಲಿ ಮನೆ ಕಳೆದ ಕುಟುಂಬದವರಾದ್ರೆ, ಅಥವಾ ಹುಡುಗ ಈಗಾಗಲೇ ಮೊಬೈಲ್‌ನಲ್ಲಿ ದುಡ್ಡಿಟ್ಟು ಆಡಿದವನಾದ್ರೆ, ಈ ಕೆಲಸ ಬೇಡ ಅಮ್ಮ. ದಿನಾ ರಾತ್ರಿ ಕೈಯಲ್ಲಿ ಲಕ್ಷಗಟ್ಟಲೆ ಓಡಾಡುತ್ತೆ. ಅಂಥವರಿಗೆ ಅದನ್ನ ತಡ್ಕೊಳ್ಳೋದು ಕಷ್ಟ, ನಾನು ಹತ್ತಿರದಿಂದ ನೋಡಿದ್ದೀನಿ.

ಪ್ರಶ್ನೆ, ಕಾರವಾರದಿಂದ: ಅಕ್ಕ, ಹೆಣ್ಣುಮಕ್ಕಳಿಗೆ ಹೇಗೆ? ಕುಡಿದವರು ಇರ್ತಾರಲ್ವಾ? ಮತ್ತೆ ಸಂಬಳ, ಟಿಪ್ಸ್ ಎಷ್ಟು ಬರುತ್ತೆ?

ಉತ್ತರ: ಹೆಣ್ಣುಮಕ್ಕಳು ತುಂಬಾ ಜನ ಇದ್ದಾರೆ, ಈಶಾನ್ಯ ರಾಜ್ಯಗಳವರು, ನೇಪಾಳದವರು, ಈಗೀಗ ನಮ್ಮ ಕಡೆಯವರೂ. ಕುಡಿದವರು ಇರ್ತಾರೆ ತಂಗಿ, ಇಲ್ಲ ಅಂತ ಹೇಳಲ್ಲ. ಸೋತ ಸಿಟ್ಟಿಗೆ ಬೈತಾರೆ, ಕಾರ್ಡ್ ಎಸೀತಾರೆ. ಆದ್ರೆ ನೀನು ಒಬ್ಬಳೇ ಇರಲ್ಲ. ಹಿಂದೆ ಸೂಪರ್‌ವೈಸರ್, ಅವರ ಮೇಲೆ ಪಿಟ್ ಬಾಸ್, ತಲೆ ಮೇಲೆ ಕ್ಯಾಮೆರಾ. ಯಾರಾದ್ರೂ ಮಿತಿ ಮೀರಿದ್ರೆ ನೀನು ಉತ್ತರ ಕೊಡೋಕೆ ಹೋಗಬೇಡ, ಆಟ ನಿಲ್ಲಿಸಿ ಸೂಪರ್‌ವೈಸರ್‌ನ ಕರಿ. ಇದು ನಿನ್ನ ಹಕ್ಕು. ಕರೆದಾಗ ಬಾರದ ಸೂಪರ್‌ವೈಸರ್ ಇರೋ ಜಾಗದಲ್ಲಿ ಇರಬೇಡ.

ಆ ಕ್ಯಾಮೆರಾ ನಿನ್ನನ್ನೂ ನೋಡ್ತಿರುತ್ತೆ, ಅದನ್ನ ಮೊದಲ ದಿನದಿಂದ ಮನಸ್ಸಿನಲ್ಲಿಡು. ಗಿರಾಕಿ ಕೈಯಿಂದ ದುಡ್ಡು ನೇರ ಇಸ್ಕೊಳ್ಳೋ ಹಾಗಿಲ್ಲ, ಮೇಜಿನ ಮೇಲೆ ಇಡಿಸಬೇಕು. ಆಮೇಲೆ ನೋಟುಗಳನ್ನು ಒಂದೊಂದಾಗಿ ಹರಡಿ, ಮೊತ್ತ ಜೋರಾಗಿ ಹೇಳಿ, ಸೂಪರ್‌ವೈಸರ್ ಹೂಂ ಅಂದ ಮೇಲೆ ಚಿಪ್ ಕೊಡಬೇಕು. ಮೇಜು ಬಿಡುವಾಗ ಎರಡೂ ಅಂಗೈ ಬಿಚ್ಚಿ ತಿರುಗಿಸಿ ತೋರಿಸಬೇಕು. ಮೂಗು ಒರೆಸೋಕೆ ಕೈ ಎತ್ತಬೇಕಾದ್ರೂ ಮೊದಲು ಅಂಗೈ ತೋರಿಸು. ಇದು ಅವಮಾನ ಅಂತ ಅನ್ಕೋಬೇಡ. ನಾಳೆ ಚಿಪ್ ಕಡಿಮೆ ಬಿದ್ದು ಯಾರಾದ್ರೂ ನಿನ್ನ ಮೇಲೆ ಬೆರಳು ತೋರಿಸಿದ್ರೆ, ನಿನ್ನನ್ನ ಕಾಪಾಡೋದು ಆ ವಿಡಿಯೊನೇ.

ಸಂಬಳ ಶುರುವಿನಲ್ಲಿ ಸಾಧಾರಣ, ಮೇಲಿನ ದುಡ್ಡು ಟಿಪ್ಸ್‌ನಿಂದ. ಟಿಪ್ಸ್ ಸಾಮಾನ್ಯವಾಗಿ ನಿನ್ನ ಜೇಬಿಗೆ ಬರಲ್ಲ, ಎಲ್ಲರದ್ದೂ ಒಂದೇ ಡಬ್ಬಿಗೆ ಬಿದ್ದು ಆಮೇಲೆ ಹಂಚ್ತಾರೆ. ಆದ್ದರಿಂದ ಇಂಟರ್‌ವ್ಯೂನಲ್ಲಿ ಎಷ್ಟು ಕೊಡ್ತೀರಿ ಅಂತಷ್ಟೇ ಕೇಳಿ ಬರಬೇಡ. ಟ್ರೇನಿಂಗ್‌ನಲ್ಲಿ ಸ್ಟೈಪೆಂಡ್ ಇದೆಯಾ, ಟಿಪ್ಸ್‌ನಲ್ಲಿ ಟ್ರೇನಿಗೆ ಪಾಲು ಯಾವಾಗಿಂದ, ರೂಮು ಊಟ ಯಾರದ್ದು, ರಾತ್ರಿ ಶಿಫ್ಟ್ ಮುಗಿದ ಮೇಲೆ ರೂಮಿಗೆ ಗಾಡಿ ಬಿಡ್ತಾರಾ, ಬಾಂಡ್ ಇದೆಯಾ, ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು. ಬಾಂಡ್ ಇದ್ರೆ ಪೂರ್ತಿ ಓದಿ ಸಹಿ ಹಾಕು, ಮೂಲ ಅಂಕಪಟ್ಟಿ ಯಾರ ಕೈಗೂ ಕೊಡಬೇಡ. ನನ್ನ ಜೊತೆ ಇದ್ದ ಒಬ್ಬಳ ಅಂಕಪಟ್ಟಿ ಒಂದು ಕಂಪನಿಯವರು ಇಟ್ಟುಕೊಂಡು, ಬೇರೆ ಕಡೆ ಒಳ್ಳೆ ಕೆಲಸ ಬಂದಾಗ ಅವಳು ಹೋಗೋಕಾಗದೆ ಅತ್ತಳು.

ಇನ್ನೊಂದು ಮಾತು. ದೀಪಾವಳಿ, ಹೊಸ ವರ್ಷ, ಶನಿವಾರ ಭಾನುವಾರ, ಎಲ್ಲರೂ ಮನೆಯಲ್ಲಿರುವಾಗ ನೀನು ಮೇಜಿನ ಮುಂದೆ ಇರ್ತೀಯ. ದೀಪಾವಳಿಗಂತೂ ರಜೆ ಆಸೆ ಬಿಟ್ಟುಬಿಡು, ಇಸ್ಪೀಟಿಗೆ ಅದೇ ಸೀಸನ್. ಮನೆಯವರಿಗೆ ಇದನ್ನ ಮೊದಲೇ ಹೇಳಿಡು.

ಪ್ರಶ್ನೆ, ಮಂಗಳೂರಿನಿಂದ: ಕ್ರೂಸ್ ಹಡಗಿನಲ್ಲಿ ಒಳ್ಳೆ ದುಡ್ಡು ಅಂತಾರೆ. ದುಬೈ ಕಡೆನೂ ಕ್ಯಾಸಿನೊ ಬರ್ತಿದೆಯಂತಲ್ಲ ಮೇಡಂ?

ಉತ್ತರ: ಬರ್ತಿರೋದು ದುಬೈನಲ್ಲಿ ಅಲ್ಲ ಸರ್, ಅದೇ ಯುಎಇ ದೇಶದ ರಾಸ್ ಅಲ್ ಖೈಮಾದ ಅಲ್ ಮರ್ಜಾನ್ ದ್ವೀಪದಲ್ಲಿ, ಅಮೆರಿಕದ ವಿನ್ ಅನ್ನೋ ಕ್ಯಾಸಿನೊ ಕಂಪನಿದು. 2024ರಲ್ಲಿ ಅದಕ್ಕೆ ಲೈಸೆನ್ಸ್ ಸಿಕ್ಕಿದೆ, 2027ರಲ್ಲಿ ತೆರೆಯೋ ಯೋಜನೆ. ಈಗ ಗೋವಾದಲ್ಲಿ ರೂಲೆಟ್, ಬಾಕರಾ ಗಟ್ಟಿಯಾಗಿ ಕಲಿತವರಿಗೆ ಅದು ಒಳ್ಳೆ ಅವಕಾಶ ಆಗಬಹುದು ಅಂತ ನನಗೆ ಅನ್ಸುತ್ತೆ. ಚೀನಾದ ಕ್ಯಾಸಿನೊ ಊರು ಮಕಾವ್‌ನ ಕನಸು ಮಾತ್ರ ಬೇಡ, ಅಲ್ಲಿ ಡೀಲರ್ ಕೆಲಸ ಸ್ಥಳೀಯರಿಗಷ್ಟೇ.

ಕ್ರೂಸ್‌ಗೆ ಅನುಭವ ಇದ್ದವರನ್ನೇ ಜಾಸ್ತಿ ತಗೋತಾರೆ, ಹಾಗಾಗಿ ಮೊದಲು ಗೋವಾದಲ್ಲಿ ಕೈ ಪಳಗಲಿ. ಎಸ್‌ಟಿಸಿಡಬ್ಲ್ಯೂ ಅನ್ನೋ ಹಡಗು ಸಿಬ್ಬಂದಿಯ ಸುರಕ್ಷತಾ ತರಬೇತಿ, ಮೆಡಿಕಲ್, ವೀಸಾ ಇವೆಲ್ಲ ಬೇಕು. ಬಂದರಿನಲ್ಲಿ ಹಡಗು ನಿಂತಾಗ ಸಾಮಾನ್ಯವಾಗಿ ಕ್ಯಾಸಿನೊ ಮುಚ್ಚಿರುತ್ತೆ, ಆದ್ದರಿಂದ ಊರು ನೋಡೋಕೆ ಬೇರೆ ಸಿಬ್ಬಂದಿಗಿಂತ ಡೀಲರ್‌ಗಳಿಗೆ ಸಮಯ ಸಿಗುತ್ತೆ. ಏಜೆಂಟ್ ಮೂಲಕ ಹೋಗೋದಾದ್ರೆ ಅವರಿಗೆ ಡಿಜಿ ಶಿಪ್ಪಿಂಗ್ ಅನ್ನೋ ಕೇಂದ್ರ ಸರ್ಕಾರದ ಹಡಗು ಇಲಾಖೆ ಕೊಡೋ ಆರ್‌ಪಿಎಸ್‌ಎಲ್, ಅಂದ್ರೆ ಹಡಗಿಗೆ ಆಳು ಸೇರಿಸೋ ಲೈಸೆನ್ಸ್ ಇರಬೇಕು. ಅಂಥ ಏಜೆಂಟ್ ಕೆಲಸ ಕೊಡಿಸೋಕೆ ನಿಮ್ಮಿಂದ ದುಡ್ಡು ಇಸ್ಕೊಳ್ಳೋ ಹಾಗೇ ಇಲ್ಲ. ಕೇಳಿದ್ರು ಅಂದ್ರೆ ಅಲ್ಲಿಂದ ಎದ್ದು ಬನ್ನಿ.

ಪ್ರಶ್ನೆ, ದಾವಣಗೆರೆಯಿಂದ: ಅಕ್ಕ, ನನ್ನ ತಮ್ಮನಿಗೆ ಟೆಲಿಗ್ರಾಂನಲ್ಲಿ ಕಾಂಬೋಡಿಯಾದ ಕ್ಯಾಸಿನೊ ಅಂತ ಆಫರ್ ಬಂದಿದೆ. ಅನುಭವ ಬೇಡ, ಟಿಕೆಟ್ ಅವರದ್ದೇ, ಟೂರಿಸ್ಟ್ ವೀಸಾದಲ್ಲಿ ಮೊದಲು ಬ್ಯಾಂಕಾಕ್‌ಗೆ ಬಾ ಅಂತಿದ್ದಾರೆ. ಸೋಮವಾರ ಹೊರಡ್ತಾನಂತೆ.

ಉತ್ತರ: ಕಳಿಸಬೇಡ. ದಯವಿಟ್ಟು ಇದನ್ನ ಓದಿದ ತಕ್ಷಣ ಅವನಿಗೆ ಫೋನ್ ಮಾಡು. ಅನುಭವ ಇಲ್ಲದವನಿಗೆ ಟಿಕೆಟ್ ಕೊಟ್ಟು ಯಾವ ಕ್ಯಾಸಿನೊನೂ ಪರದೇಶಕ್ಕೆ ಕರೆಸಿಕೊಳ್ಳಲ್ಲ. ಹೀಗೆ ಹೋದ ನಮ್ಮ ದೇಶದ ಹುಡುಗರನ್ನ ಕಾಂಬೋಡಿಯಾದಲ್ಲಿ, ಮ್ಯಾನ್ಮಾರ್‌ನ ಮ್ಯಾವಾಡಿಯಲ್ಲಿ, ಲಾವೋಸ್‌ನ ಗೋಲ್ಡನ್ ಟ್ರಯಾಂಗಲ್‌ನಲ್ಲಿ ಕೂಡಿಹಾಕಿ, ಪಾಸ್‌ಪೋರ್ಟ್ ಕಿತ್ಕೊಂಡು ಆನ್‌ಲೈನ್ ವಂಚನೆ ಮಾಡಿಸಿದ್ದಾರೆ. ರಾಯಭಾರ ಕಚೇರಿಯವರು ಎಷ್ಟೋ ಜನರನ್ನ ಬಿಡಿಸಿಕೊಂಡು ಬಂದಿದ್ದಾರೆ. ಬ್ಯಾಂಕಾಕ್‌ಗೆ ಇಳಿಸಿ ಅಲ್ಲಿಂದ ರಸ್ತೆಯಲ್ಲಿ ಗಡಿ ದಾಟಿಸೋದು ಇವರ ಹಳೇ ದಾರಿ. ಟೂರಿಸ್ಟ್ ವೀಸಾದಲ್ಲಿ ಕೆಲಸ ಮಾಡೋದೇ ಕಾನೂನು ತಪ್ಪು, ಅದನ್ನ ಅವನಿಗೆ ಬಿಡಿಸಿ ಹೇಳು.

ಆ ಏಜೆಂಟ್‌ನ ಹೆಸರು, ನೋಂದಣಿ ನಂಬರ್ ಕೇಳಿ, ವಿದೇಶದ ಕೆಲಸಕ್ಕೆ ಕಳಿಸೋ ಏಜೆಂಟರ ಪಟ್ಟಿ ಇರೋ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಇದೆಯಾ ನೋಡು. ಇಲ್ಲದಿದ್ರೆ ಚಾಟ್‌ನ ಸ್ಕ್ರೀನ್‌ಶಾಟ್ ತೆಗೆದಿಟ್ಟು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡು, ಊರಿನ ಸೈಬರ್ ಠಾಣೆಗೂ ಕೊಡು. ಈಗಾಗಲೇ ಯಾರಾದ್ರೂ ಹೋಗಿ ಸಿಕ್ಕಿಹಾಕಿಕೊಂಡಿದ್ರೆ ವಿದೇಶಾಂಗ ಇಲಾಖೆಯ ಮದದ್ ಪೋರ್ಟಲ್‌ನಲ್ಲಿ ದೂರು ಹಾಕಿ, ಆ ದೇಶದ ಭಾರತೀಯ ರಾಯಭಾರ ಕಚೇರಿಗೆ ಮೇಲ್ ಮಾಡಿ. ತಮ್ಮ ಒಪ್ಪದಿದ್ರೆ ನನ್ನ ನಂಬರ್ ಇನ್‌ಬಾಕ್ಸ್‌ನಲ್ಲಿ ಕೇಳು, ನಾನೇ ಮಾತಾಡ್ತೀನಿ. ಸೋಮವಾರದ ಒಳಗೆ.