ತಿಂಗಳಿಂದ ಒಂದೇ ಆಲ್ಬಂ ಕೇಳ್ತಿದ್ದೀನಿ, ನಿಮ್ಮದು ಯಾವುದು?

ಹೇಮಾವತಿ ದಂಡೆ:
ವಾರಕ್ಕೆ ಮೂರು ದಿನ ಕೆಲಸದ ಮೇಲೆ ಹಾಸನದಿಂದ ಬೇಲೂರು ದಾಟಿ ಚಿಕ್ಕಮಗಳೂರಿಗೆ ಹೋಗಿ ಬರುತ್ತೇನೆ. ಒಂದು ತಿಂಗಳಿಂದ ಕಾರಿನಲ್ಲಿ ಬೇರೇನೂ ಓಡಿಲ್ಲ, ಬರೀ ‘ನಿತ್ಯೋತ್ಸವ’. ನಿಸಾರ್ ಅಹಮದ್ ಕವಿತೆ, ಮೈಸೂರು ಅನಂತಸ್ವಾಮಿ ಸಂಗೀತ, 1978ರದ್ದು. ಕನ್ನಡ ಭಾವಗೀತೆಗೆ ಅದೇ ಮೊದಲ ಕ್ಯಾಸೆಟ್.

ನಮ್ಮಪ್ಪನ ಹತ್ತಿರ ಇದ್ದದ್ದು ಅಸಲಿ ಅಲ್ಲ, ಯಾರದ್ದೋ ಕ್ಯಾಸೆಟ್ ತಂದು ಖಾಲಿ ಟೇಪಿಗೆ ಹಾಕಿಸಿಕೊಂಡದ್ದು. ಒಂದು ಸಂಜೆ ಅವರು ಗೊತ್ತಿಲ್ಲದೆ ರೆಕಾರ್ಡ್ ಮಾಡುವ ಕೆಂಪು ಗುಂಡಿ ಒತ್ತಿಬಿಟ್ಟರು, ಬಿ ಸೈಡಿನಲ್ಲಿ ಒಂದು ಹಾಡಿನ ನಡುವೆ ರೇಡಿಯೋದ ಪ್ರದೇಶ ಸಮಾಚಾರ ಎರಡು ಸೆಕೆಂಡ್ ನುಗ್ಗಿತು. ಈಗ ಫೋನಿನಲ್ಲಿ ಹಾಡು ಸ್ವಚ್ಛವಾಗಿದೆ, ಆದರೂ ಆ ಜಾಗ ಬಂದಾಗ ಕಿವಿ ವಾರ್ತೆಗೆ ಕಾಯುತ್ತೆ! ಆ ಟೇಪು ಇನ್ನೂ ಅಟ್ಟದಲ್ಲಿದೆ. ಬಿಳಿ ಬೂಷ್ಟು ಹಿಡಿದಿದೆ.

ನಿಮ್ಮದು ಹೇಳಿ. ಮೊದಲಿಂದ ಕೊನೆವರೆಗೆ ಒಂದು ಹಾಡೂ ಹಾರಿಸದೆ ಕೇಳುವಂಥದ್ದು ಬೇಕು.

ಮೂಡಿಗೆರೆ ಮಳೆ:
ರಘು ದೀಕ್ಷಿತ್ ಅವರ ಮೊದಲ ಆಲ್ಬಂ, 2008ರದ್ದು. ಶಿಶುನಾಳ ಶರೀಫಜ್ಜನ ‘ಗುಡುಗುಡಿ’ ಹಾಡು ಗಿಟಾರ್ ಜೊತೆ ಬಂದಾಗ ನಮ್ಮ ಮನೆಯಲ್ಲಿ ದೊಡ್ಡವರು ಮುಖ ಸಿಂಡರಿಸಿದ್ದರು, ಸಿ. ಅಶ್ವತ್ಥ್ ಕೇಳಿದ ಕಿವಿಗೆ ಇದೇನು ಅಂತ. ನನಗೆ ಎರಡೂ ಬೇಕು. ಅಶ್ವತ್ಥ್ ದನಿ ಎತ್ತಿದರೆ ಎದ್ದು ಕೂರಬೇಕು ಅನ್ನಿಸುತ್ತೆ, ಇದನ್ನು ಕೇಳಿದರೆ ಕಾಲು ತಾನೇ ಕುಣಿಯುತ್ತೆ. ಒಂದೇ ತಕರಾರು, ಕನ್ನಡ ಮುಗಿದ ಕೂಡಲೇ ಹಿಂದಿಗೆ ಹಾರುತ್ತೆ, ಮೊದಮೊದಲು ಹಾರಿಸುತ್ತಿದ್ದೆ, ಈಗ ಅದೂ ಬಾಯಿಪಾಠ. ಹೊರಡೋ ಮುಂಚೆ ಡೌನ್‌ಲೋಡ್ ಮಾಡಿಕೊಳ್ಳಿ, ನಮ್ಮ ಕಡೆ ತೋಟದ ತಿರುವು ಬಂದರೆ ಸಿಗ್ನಲ್ ಮಾಯ.

ಹಳೇ ಟೇಪು:
ಹೇಮಾವತಿಯವರೇ, ಆಲ್ಬಂ ಆಮೇಲೆ. ಆ ಕ್ಯಾಸೆಟ್ಟನ್ನು ಹಾಗೇ ಪ್ಲೇಯರಿಗೆ ಹಾಕಬೇಡಿ ಮಾರಾಯ್ರೆ! ಬೂಷ್ಟು ಟೇಪು ಓದುವ ಹೆಡ್ಡಿಗೆ ಮೆತ್ತಿಕೊಂಡು ಮುಂದಿನ ಟೇಪಿಗೂ ದಾಟುತ್ತೆ. ಮಲೆನಾಡಿನ ಮಳೆಗೆ ನನ್ನ ಅರ್ಧ ಪೆಟ್ಟಿಗೆ ಹೀಗೇ ಹೋಯ್ತು. ಮೂಲೆಗಳಲ್ಲಿ ಸ್ಕ್ರೂ ಇದ್ದರೆ ಪುಣ್ಯ, ಅಂಟಿಸಿದ್ದಾದರೆ ಕಷ್ಟ. ಬಿಚ್ಚಿ, ಸುರುಳಿಗಳನ್ನು ಒಣಗಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ, ಟೇಪಿನ ಮೈ ಉಜ್ಜಬೇಡಿ. ಆಮೇಲೆ ಪೆನ್ಸಿಲ್ ತೂರಿಸಿ ನಿಧಾನ ಸುತ್ತಿ. ಸರಿಯಾಗಿ ಓಡಿದರೆ ಮೊದಲ ಸಲವೇ ಲ್ಯಾಪ್‌ಟಾಪಿಗೆ ಇಳಿಸಿಕೊಳ್ಳಿ, ಎರಡನೇ ಸಲ ಓಡುತ್ತೋ ಇಲ್ವೋ.

ನಾನು ಕೇಳ್ತಿರೋದಾ? ‘ದೀಪಿಕಾ’. ಲಕ್ಷ್ಮೀನಾರಾಯಣ ಭಟ್ಟರ ಕವಿತೆ, ಅಶ್ವತ್ಥ್ ಸಂಗೀತ. ರಾತ್ರಿ ಕರೆಂಟು ಹೋದಾಗ ಕೇಳಿ ನೋಡಿ.

ಹೇಮಾವತಿ ದಂಡೆ:
ಅಣ್ಣಾ, ಭಾನುವಾರ ಬಿಚ್ಚಿದೆ. ಐದು ಸ್ಕ್ರೂಗಳಲ್ಲಿ ಒಂದು ಸೋಫಾ ಕೆಳಗೆ ಉರುಳಿ ಹೋಯ್ತು, ನಾಲ್ಕರಲ್ಲೇ ಮುಚ್ಚಿದೆ. ಎ ಸೈಡು ಪೂರ್ತಿ ಇಳಿಯಿತು, ದನಿ ಸ್ವಲ್ಪ ಅಲೆಯುತ್ತೆ. ಬಿ ಸೈಡು ಆ ವಾರ್ತೆ ಬರುವ ಹಾಡಿನ ಮೊದಲೇ ಸಿಕ್ಕಿಹಾಕಿಕೊಂಡಿದೆ. ಬಲವಂತ ಮಾಡಿಲ್ಲ, ಪೆನ್ಸಿಲ್ ಹಾಗೇ ತೂರಿಸಿ ಇಟ್ಟಿದ್ದೀನಿ. ಮುಂದೇನು ಮಾಡಲಿ?